ಕಂಕುಳಲ್ಲಿ ಕೂಸು, ಕೈಯಲ್ಲಿ ಬೋರ್ಡಿಂಗ್ ಪಾಸ್: ಮಗುವಿನ ಮೊದಲ ವಿಮಾನ ಪ್ರಯಾಣಕ್ಕೆ ಪೂರ್ತಿ ಮಾರ್ಗದರ್ಶಿ

"ವಿಮಾನ ಇಳಿಯುವಾಗ ಮಗು ಕಿರುಚಿ ಕಿರುಚಿ ಅತ್ತುಬಿಟ್ಟಿತು. ಎದೆಗೆ ಹಾಕಿಕೊಂಡರೂ ಕುಡಿಯಲಿಲ್ಲ, ಬಾಟಲಿ ಕೊಟ್ಟರೆ ತಳ್ಳಿತು." ಈ ಮಾತನ್ನು ಎಷ್ಟು ಜನ ಹೊಸ ಅಮ್ಮಂದಿರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲ ನಾನು ಕೇಳುವುದು ಒಂದೇ ಪ್ರಶ್ನೆ. ಅದಕ್ಕೆ ಮೊದಲು ಹಾಲು ಕುಡಿಸಿದ್ದು ಯಾವಾಗ? ಉತ್ತರವೂ ಹೆಚ್ಚುಕಡಿಮೆ ಒಂದೇ. ಗೇಟಿನ ಹತ್ತಿರ ಕೂತು ಹೊಟ್ಟೆ ತುಂಬಾ ಕುಡಿಸಿದ್ದೆ, ವಿಮಾನ ಹತ್ತಿದ ಮೇಲೆ ಇನ್ನೊಂದು ಸಲ ಕುಡಿಸಿ ಮಲಗಿಸಿದ್ದೆ.

ತಪ್ಪಾಗುವುದು ಅಲ್ಲೇ. ವಿಮಾನ ಇಳಿಯುವಾಗ ಒತ್ತಡಕ್ಕೆ ಮಗುವಿನ ಕಿವಿ ನೋಯುತ್ತದೆ, ಹಾಲು ನುಂಗುತ್ತಿದ್ದರೆ ಕಿವಿ ಬಿಡುತ್ತದೆ. ಹೊಟ್ಟೆ ತುಂಬಿದ ಮಗು ಆ ಹೊತ್ತಿಗೆ ಕುಡಿಯುವುದಿಲ್ಲ. ಹಾಲು, ನಿದ್ದೆ, ಡೈಪರ್ ಎಲ್ಲರಿಗೂ ಗೊತ್ತಿರುವ ವಿಷಯಗಳೇ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಲೆಕ್ಕ ತಪ್ಪುತ್ತದೆ. ನನ್ನ ದೊಡ್ಡ ಮಗಳಿಗೆ ಏಳು ತಿಂಗಳಿದ್ದಾಗ ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ ನಾನೂ ಇದೇ ತಪ್ಪು ಮಾಡಿದ್ದೆ. ಕೊನೆಯ ಇಪ್ಪತ್ತೈದು ನಿಮಿಷ ಅವಳು ಅತ್ತಿದ್ದು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಎರಡು ಮಕ್ಕಳ ಜೊತೆ ಬೇಕಾದಷ್ಟು ಸಲ ಓಡಾಡಿದ್ದೇನೆ. ಕೆಳಗಿನ ಕ್ರಮವನ್ನು ಹಾಗೇ ಪಾಲಿಸಿ. ಬೆಂಗಳೂರಿನಿಂದ ದೇಶದೊಳಗೆ ಹೋಗುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ, ವಿದೇಶಕ್ಕೆ ಹೋಗುವವರಿಗೆ ಬೇರೆ ಏನಾದರೂ ಇದ್ದರೆ ಆಯಾ ಜಾಗದಲ್ಲೇ ಹೇಳಿದ್ದೇನೆ.

## ಹಂತ 1: ಟಿಕೆಟ್ ಮಾಡುವಾಗ

ಎರಡು ವರ್ಷ ತುಂಬದ ಮಗು ನಿಮ್ಮ ತೊಡೆಯ ಮೇಲೆ ಕೂತು ಹೋಗಬಹುದು. ಎರಡು ತುಂಬಿದರೆ ಅದಕ್ಕೇ ಒಂದು ಸೀಟು ಬೇಕು. ಇಲ್ಲಿ ನೋಡುವುದು ಪ್ರಯಾಣದ ದಿನದ ವಯಸ್ಸನ್ನು, ಟಿಕೆಟ್ ಮಾಡಿದ ದಿನದ್ದನ್ನಲ್ಲ. ಹೋಗುವಾಗ ಎರಡು ತುಂಬಿರುವುದಿಲ್ಲ, ಅಜ್ಜಿ ಮನೆಯಲ್ಲೇ ಹುಟ್ಟುಹಬ್ಬ ಆಗುತ್ತದೆ, ವಾಪಸ್ ಬರುವಾಗ ಕೌಂಟರಿನಲ್ಲಿ ಸೀಟು ಕೊಳ್ಳಿ ಅನ್ನುತ್ತಾರೆ. ಆ ಹೊತ್ತಿಗೆ ದರ ಎಷ್ಟಿರುತ್ತದೋ ಅಷ್ಟನ್ನು ಕೊಡಲೇಬೇಕು. ಹಾಗಾಗಿ ವಾಪಸ್ ಬರುವ ತಾರೀಖನ್ನು ಮೊದಲು ನೋಡಿ.

ತೊಡೆಯ ಮೇಲೆ ಕೂರುವ ಮಗುವಿಗೂ ಟಿಕೆಟ್ ಇದೆ. ಅದನ್ನು ನಿಮ್ಮ ಟಿಕೆಟ್ ಜೊತೆಗೇ ಮಾಡಿಸಿ. "ಆಮೇಲೆ ಸೇರಿಸೋಣ" ಅಂತ ಬಿಟ್ಟವರು ವಿಮಾನ ನಿಲ್ದಾಣದಲ್ಲಿ ಪರದಾಡಿದ್ದನ್ನು ನೋಡಿದ್ದೇನೆ. ಒಬ್ಬ ದೊಡ್ಡವರ ತೊಡೆಗೆ ಒಂದೇ ಮಗು. ಅವಳಿ ಮಕ್ಕಳಿದ್ದರೆ ಜೊತೆಗೆ ಇನ್ನೊಬ್ಬ ದೊಡ್ಡವರು ಇರಬೇಕು, ಇಲ್ಲವೇ ಏರ್‌ಲೈನ್‌ಗೆ ಮೊದಲೇ ಫೋನ್ ಮಾಡಿ ಏನು ದಾರಿ ಅಂತ ಕೇಳಬೇಕು.

ಹುಟ್ಟಿ ಕೆಲವೇ ದಿನಗಳಾದ ಕೂಸನ್ನು ಎಷ್ಟು ದಿನಕ್ಕೆ ಹತ್ತಿಸಿಕೊಳ್ಳುತ್ತಾರೆ ಅನ್ನುವುದು ಒಂದೊಂದು ಏರ್‌ಲೈನ್‌ನಲ್ಲಿ ಒಂದೊಂದು ಥರ. ಅವರು ಹತ್ತಿಸಿಕೊಂಡರೂ, ತುರ್ತು ಇಲ್ಲದಿದ್ದರೆ ಮಕ್ಕಳ ಡಾಕ್ಟರನ್ನು ಕೇಳದೆ ಹೊರಡಬೇಡಿ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರಂತೂ ಕೇಳಲೇಬೇಕು.

ಮನೆಯವರ ಟಿಕೆಟ್ ಎಲ್ಲ ಒಂದೇ ಬುಕಿಂಗ್ ಸಂಖ್ಯೆಯಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. 12 ವರ್ಷದೊಳಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರುವ ಅಪ್ಪ, ಅಮ್ಮ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲೇ ಸೀಟು ಕೊಡಬೇಕು ಅಂತ ವಿಮಾನಯಾನದ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರಲ್ಲಿ ಏರ್‌ಲೈನ್‌ಗಳಿಗೆ ಹೇಳಿದೆ. ಬೇರೆ ಬೇರೆ ಟಿಕೆಟ್ ಮಾಡಿಸಿದರೆ ಈ ಅನುಕೂಲ ಕೈ ತಪ್ಪುತ್ತದೆ.

ಸಮಯ ಆರಿಸುವಾಗ ಕಡಿಮೆ ದರದ ಆಸೆಗೆ ಬೆಳಗಿನ ಜಾವದ ವಿಮಾನ ಹಿಡಿಯಬೇಡಿ. ಆರು ಗಂಟೆಯ ವಿಮಾನಕ್ಕೆ ಬನಶಂಕರಿಯಿಂದ ದೇವನಹಳ್ಳಿ ಕಡೆ ಹೊರಡಬೇಕೆಂದರೆ ಮಗುವನ್ನು ಎರಡೂವರೆಗೇ ಎಬ್ಬಿಸಬೇಕು. ನಿದ್ದೆಗೆಟ್ಟ ಮಗು ರಚ್ಚೆ ಹಿಡಿಯದೆ ಇನ್ನೇನು ಮಾಡುತ್ತದೆ? ಹತ್ತು, ಹನ್ನೊಂದು ಗಂಟೆಯ ವಿಮಾನ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಮಗು ಎದ್ದು, ತಿಂದು, ಆಡಿ, ಮಧ್ಯಾಹ್ನದ ಮೊದಲ ನಿದ್ದೆಗೆ ಜಾರುವ ಹೊತ್ತು ಅದು.

ಸೀಟಿನ ವಿಷಯ. ಮಗು ಜೊತೆಗಿದ್ದರೆ ತುರ್ತು ಬಾಗಿಲಿನ ಸಾಲು ಸಿಗುವುದಿಲ್ಲ. ಒಂದೇ ಕಡೆಯ ಮೂರು ಸೀಟಿನಲ್ಲಿ ಎರಡು ಕೂಸುಗಳನ್ನೂ ಕೂರಿಸುವುದಿಲ್ಲ. ಯಾಕೆಂದರೆ ಮೇಲಿರುವ ಆಮ್ಲಜನಕದ ಮಾಸ್ಕ್ ಸಾಮಾನ್ಯವಾಗಿ ನಾಲ್ಕೇ ಇರುತ್ತವೆ, ಒಂದು ಮಾತ್ರ ಹೆಚ್ಚುವರಿ. ಎದೆಹಾಲು ಕುಡಿಸುವ ಅಮ್ಮ ಕಿಟಕಿ ಪಕ್ಕ ಕೂತರೆ ಒಂದಿಷ್ಟು ಮರೆ ಸಿಗುತ್ತದೆ. ನಡೆದಾಡುವ ಮಗುವಾದರೆ ಅದನ್ನು ಒಳಗೆ ಕೂರಿಸಿ, ನೀವು ನಡುದಾರಿಯ ಪಕ್ಕ ಕೂರಿ. ಬಿಸಿ ಚಹಾದ ಟ್ರಾಲಿ ಹೋಗುವ ದಾರಿಗೆ ಮಗುವಿನ ಪುಟ್ಟ ಕೈ ಚಾಚಬಾರದು.

ತೊಟ್ಟಿಲಿನಂಥ ಬ್ಯಾಸಿನೆಟ್ ಸಿಗುವುದು ದೂರ ಹೋಗುವ ದೊಡ್ಡ ವಿಮಾನಗಳಲ್ಲಿ, ಅದೂ ಗೋಡೆ ಎದುರಿನ ಕೆಲವೇ ಸೀಟುಗಳಿಗೆ. ತೂಕದ ಮಿತಿಯೂ ಇರುತ್ತದೆ. ಟಿಕೆಟ್ ಆದ ದಿನವೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಊರಿಂದೂರಿಗೆ ಹೋಗುವ ಚಿಕ್ಕ ಎಟಿಆರ್ ವಿಮಾನಗಳಲ್ಲಿ ಮೆಟ್ಟಿಲು ಹತ್ತಬೇಕು, ತಲೆ ಮೇಲಿನ ಜಾಗವೂ ಕಮ್ಮಿ. ಆ ಪ್ರಯಾಣಕ್ಕೆ ಬ್ಯಾಗ್ ಇನ್ನೂ ಚಿಕ್ಕದಾಗಿರಲಿ.

## ಹಂತ 2: ಕಾಗದಪತ್ರ

ಮಗುವಿನ ವಯಸ್ಸಿಗೆ ದಾಖಲೆ ಬೇಕು. ಜನನ ಪ್ರಮಾಣಪತ್ರ, ಬಾಲ ಆಧಾರ್, ಪಾಸ್‌ಪೋರ್ಟ್, ಯಾವುದಾದರೂ ಒಂದು. ಜನನ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲವಾದರೆ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರವನ್ನೋ ಲಸಿಕೆ ಕಾರ್ಡನ್ನೋ ಒಪ್ಪುವ ಏರ್‌ಲೈನ್‌ಗಳಿವೆ. ಎಲ್ಲರೂ ಒಪ್ಪುತ್ತಾರೆ ಅಂದುಕೊಳ್ಳಬೇಡಿ, ನಿಮ್ಮ ಏರ್‌ಲೈನ್‌ನ ಪಟ್ಟಿ ನೋಡಿಕೊಳ್ಳಿ.

ಫೋನಿನಲ್ಲಿ ಒಂದು ಫೋಟೋ ಇರಲಿ, ಬ್ಯಾಗಿನಲ್ಲಿ ಒಂದು ಜೆರಾಕ್ಸ್ ಇರಲಿ. ಚಾರ್ಜ್ ಮುಗಿದ ಫೋನು, ಅಳುವ ಮಗು, ಹಿಂದೆ ಉದ್ದದ ಸಾಲು, ಈ ಮೂರೂ ಒಟ್ಟಿಗೆ ಬಂದಾಗ ಜೆರಾಕ್ಸಿನ ಬೆಲೆ ಗೊತ್ತಾಗುತ್ತದೆ.

ತುಂಬಾ ಜನ ಎಡವುವ ಜಾಗ ಹೆಸರು. ನಾಮಕರಣಕ್ಕೆ ಮೊದಲೇ ನೋಂದಣಿ ಆಗಿರುತ್ತದೆ, ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ. ಟಿಕೆಟಿನಲ್ಲಿ ಮಾತ್ರ ಇಟ್ಟ ಹೆಸರು ಇರುತ್ತದೆ. ಹೆಸರು ಸೇರಿಸಿಕೊಳ್ಳಲು ಸಮಯವಿದ್ದರೆ ಮೊದಲು ಆ ಕೆಲಸ ಮುಗಿಸಿ. ಇಲ್ಲದಿದ್ದರೆ ಟಿಕೆಟ್ ಮಾಡುವ ಮೊದಲೇ ಏರ್‌ಲೈನ್‌ಗೆ ಫೋನ್ ಮಾಡಿ ಯಾವ ಹೆಸರು ಹಾಕಬೇಕು ಅಂತ ಕೇಳಿ.

ವಿದೇಶಕ್ಕಾದರೆ ಎಷ್ಟೇ ಚಿಕ್ಕ ಕೂಸಾದರೂ ಅದರದೇ ಪಾಸ್‌ಪೋರ್ಟ್ ಬೇಕು, ವೀಸಾ ಬೇಕಾದ ದೇಶಕ್ಕೆ ಅದರದೇ ವೀಸಾ ಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಅಪ್ಪ ಅಮ್ಮ ಇಬ್ಬರೂ ಸಹಿ ಮಾಡುವ ಅನೆಕ್ಷರ್ ಡಿ ಅನ್ನುವ ಘೋಷಣಾ ಪತ್ರ ಇರುತ್ತದೆ. ಪಾಸ್‌ಪೋರ್ಟಿನ ಅವಧಿ ಐದೇ ವರ್ಷ, ದೊಡ್ಡವರದ್ದರ ಹಾಗೆ ಹತ್ತಲ್ಲ. ಬಿಳಿ ಹಿನ್ನೆಲೆಯಲ್ಲಿ ಕಣ್ಣು ತೆರೆದಿರುವ ಫೋಟೋ ತೆಗೆಯುವುದಕ್ಕೇ ಅರ್ಧ ದಿನ ಹಿಡಿಯಬಹುದು. ಮಗುವನ್ನು ಬಿಳಿ ಬೆಡ್‌ಶೀಟಿನ ಮೇಲೆ ಮಲಗಿಸಿ ಮೇಲಿನಿಂದ ತೆಗೆದರೆ ಸುಲಭ. ಒಬ್ಬರೇ ಮಗುವನ್ನು ಕರೆದುಕೊಂಡು ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿಟ್ಟುಕೊಳ್ಳಿ. ಕೆಲವು ದೇಶಗಳಲ್ಲಿ ಕೇಳುತ್ತಾರೆ.

## ಹಂತ 3: ಹೊರಡುವ ಒಂದು ವಾರ ಮೊದಲು

ಮಕ್ಕಳ ಡಾಕ್ಟರ ಹತ್ತಿರ ಒಂದು ಸಲ ಹೋಗಿ ಬನ್ನಿ. ಮುಖ್ಯವಾಗಿ ಕೇಳಬೇಕಾದ್ದು ಕಿವಿ, ಮೂಗು. ನೆಗಡಿ ಜೋರಾಗಿದ್ದರೆ ಅಥವಾ ಕಿವಿ ಸೋಂಕಿದ್ದರೆ ಕಿವಿಯೊಳಗಿನ ಗಾಳಿ ಸರಿಯಾಗಿ ಹೋಗಿ ಬರುವುದಿಲ್ಲ, ನೋವು ಜಾಸ್ತಿ ಆಗುತ್ತದೆ. ಪ್ರಯಾಣ ಮುಂದೆ ಹಾಕಬೇಕಾ ಅಂತ ನೇರವಾಗಿ ಕೇಳಿ. ಲಸಿಕೆ ಹೊರಡುವ ಹಿಂದಿನ ದಿನವೇ ಬಿದ್ದಿದ್ದರೆ ಜ್ವರದ ಮಗುವನ್ನು ಹೊತ್ತು ಓಡಾಡಬೇಕಾಗುತ್ತದೆ, ಅದನ್ನೂ ವಿಚಾರಿಸಿ. ಜ್ವರದ ಔಷಧಿಯ ಪ್ರಮಾಣ ಮಗುವಿನ ತೂಕದ ಮೇಲೆ ಹೋಗುತ್ತದೆ. ಎಷ್ಟು ಎಂ.ಎಲ್. ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಮಗು ಮಲಗಲಿ ಅಂತ ಶೀತದ ಸಿರಪ್ಪನ್ನೋ ಇನ್ಯಾವುದೋ ಔಷಧಿಯನ್ನೋ ನೀವೇ ಹಾಕಬೇಡಿ. ಉಸಿರಾಟಕ್ಕೆ ತೊಂದರೆ ಆಗಬಹುದು, ಕೆಲವು ಮಕ್ಕಳು ಮಲಗುವ ಬದಲು ಇನ್ನಷ್ಟು ಕೆರಳುತ್ತವೆ. ಎರಡನೆಯದು, ಕಿವಿಗೆ ಹತ್ತಿ ಇಟ್ಟು ಕುಲಾವಿ ಕಟ್ಟಿದರೆ ನೋವು ಬರುವುದಿಲ್ಲ ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಒತ್ತಡ ಆಗುವುದು ಕಿವಿ ತಮಟೆಯ ಒಳಗಡೆ. ಹತ್ತಿ ಹೊರಗಡೆ ಇರುತ್ತದೆ, ಅದು ಅಲ್ಲಿಗೆ ಮುಟ್ಟುವುದಿಲ್ಲ. ಕುಲಾವಿ ಹಾಕಿ, ವಿಮಾನದೊಳಗೆ ಚಳಿ ಇರುತ್ತದೆ. ಆದರೆ ಕಿವಿಯ ನೋವಿಗೆ ಮದ್ದು ನುಂಗುವುದು, ಚೀಪುವುದು, ಅಗಿಯುವುದು, ಅಷ್ಟೇ.

ಈ ವಾರದಲ್ಲೇ ಅಭ್ಯಾಸ ಮಾಡಿಸಿ. ದುಪ್ಪಟ್ಟ ಹೊದ್ದು ಕೂತಲ್ಲೇ ಹಾಲು ಕುಡಿಸುವುದು, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್‌ನಲ್ಲಿ ಮಲಗುವುದು, ದೊಡ್ಡ ಮಗುವಾದರೆ ಸ್ಟ್ರಾ ಹಾಕಿ ನೀರು ಹೀರುವುದು. ವಿಮಾನದೊಳಗೆ ಮೊದಲ ಸಲ ಸ್ಟ್ರಾ ಕೊಟ್ಟರೆ ಮಗು ಅದರ ಜೊತೆ ಆಡುತ್ತದೆ ಹೊರತು ಕುಡಿಯುವುದಿಲ್ಲ.

## ಹಂತ 4: ಬ್ಯಾಗ್ ಕಟ್ಟುವುದು

ಲೆಕ್ಕ ಹಾಕುವಾಗ ವಿಮಾನದ ಗಂಟೆ ಬಿಡಿ, ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಗಂಟೆ ಅಂತ ನೋಡಿ. ದೆಹಲಿಗೆ ಹಾರುವುದು ಎರಡು ಮುಕ್ಕಾಲು ಗಂಟೆ, ಆದರೆ ಬಾಗಿಲಿಂದ ಬಾಗಿಲಿಗೆ ಎಂಟು ಗಂಟೆ ಆಗುತ್ತದೆ. ಡೈಪರ್, ಹಾಲು, ತಿಂಡಿ ಎಲ್ಲಕ್ಕೂ ಆ ಎಂಟೇ ಲೆಕ್ಕ. ವಿಮಾನ ತಡವಾದರೆ ಅಂತ ಅದರ ಮೇಲೆ ಅರ್ಧ ಜಾಸ್ತಿ.

ಎರಡು ಬ್ಯಾಗ್ ಮಾಡಿ. ಬೆನ್ನಿಗೆ ಹಾಕುವ ದೊಡ್ಡ ಬ್ಯಾಗ್ ಒಂದು, ಅದರೊಳಗೊಂದು ಚಿಕ್ಕ ಪೌಚು. ವಿಮಾನ ಹತ್ತಿದ ಕೂಡಲೇ ಪೌಚು ಹೊರಗೆ, ಬ್ಯಾಗ್ ಮೇಲೆ. ಬೆಲ್ಟ್ ಹಾಕಿರಿ ಅನ್ನುವ ದೀಪ ಉರಿಯುವಾಗ ನೀವು ಎದ್ದು ಮೇಲಿನ ಬಾಗಿಲು ತೆಗೆಯುವ ಹಾಗಿಲ್ಲ. ಮೊದಲ ಸಲ ನನ್ನ ಹಾಲಿನ ಬಾಟಲಿ ತಲೆಯ ಮೇಲಿತ್ತು, ಮಗು ತೊಡೆಯ ಮೇಲೆ ಅಳುತ್ತಿತ್ತು, ಎದ್ದರೆ ಗಗನಸಖಿ ಕೂರಿ ಕೂರಿ ಅನ್ನುತ್ತಿದ್ದರು.

ಪೌಚಿನಲ್ಲಿ ಇರಬೇಕಾದ್ದು ಇಷ್ಟು:
- ಎರಡು ಡೈಪರ್, ವೈಪ್ಸ್, ಹಾಸಲು ಒಂದು ತೆಳು ಶೀಟು
- ಗಂಟು ಹಾಕಿ ಬಿಸಾಡಲು ನಾಲ್ಕು ಕವರ್
- ಒಂದು ಜೊತೆ ಬಟ್ಟೆ
- ಬಾಟಲಿ ಅಥವಾ ಸ್ಟ್ರಾ ಕಪ್, ಒಂದು ಹತ್ತಿ ಟವೆಲ್
- ತಿಂಡಿಯ ಚಿಕ್ಕ ಡಬ್ಬಿ, ಎರಡು ಆಟಿಕೆ

ನಿಮಗೂ ಒಂದು ಶರ್ಟೋ ಕುರ್ತಾವೋ ಇಟ್ಟುಕೊಳ್ಳಿ. ಮಗು ಕಕ್ಕುವುದು ನಿಮ್ಮ ಮೇಲೆ ತಾನೇ. ಇದನ್ನು ಎಲ್ಲರೂ ಮರೆಯುತ್ತಾರೆ.

ಪುಡಿ ಹಾಲು ಕುಡಿಯುವ ಮಗುವಾದರೆ ಒಂದೊಂದು ಸಲಕ್ಕೆ ಬೇಕಾದಷ್ಟು ಪುಡಿಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಅಳೆದು ಇಡಿ. ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿ ಒಯ್ಯಿರಿ. ಮನೆಯಲ್ಲೇ ಕಲಸಿಕೊಂಡು ಹೋಗಬೇಡಿ. ಕಲಸಿದ ಹಾಲನ್ನು ಎರಡು ಗಂಟೆಯೊಳಗೆ ಕುಡಿಸಬೇಕು, ಮಗು ಒಮ್ಮೆ ಬಾಯಿ ಇಟ್ಟರೆ ಒಂದು ಗಂಟೆಯೊಳಗೆ. ಉಳಿದದ್ದನ್ನು ಚೆಲ್ಲಿಬಿಡಿ. ವಿಮಾನದ ಟಾಯ್ಲೆಟ್ಟಿನ ನಲ್ಲಿ ನೀರು ಬಾಟಲಿ ತೊಳೆಯುವುದಕ್ಕೂ ಬೇಡ.

ಆರು ತಿಂಗಳಾದ ಮಗುವಿಗೆ ರಾಗಿ ಸರಿ ಅಭ್ಯಾಸ ಇದ್ದರೆ ಮನೆಯಲ್ಲೇ ಬೇಯಿಸಿ ಚಿಕ್ಕ ಬಿಸಿ ಡಬ್ಬಿಯಲ್ಲಿ ಹಾಕಿಕೊಳ್ಳಿ, ಹೊರಟ ಮೇಲೆ ಬೇಗ ತಿನ್ನಿಸಿ ಮುಗಿಸಿ. ದೊಡ್ಡ ಮಗುವಿಗೆ ಚಪಾತಿ ಸುರುಳಿ, ಇಡ್ಲಿ ತುಂಡು, ಏಲಕ್ಕಿ ಬಾಳೆಹಣ್ಣು, ಖಾರವಿಲ್ಲದ ಮಂಡಕ್ಕಿ. ಕಡಲೆಕಾಯಿ ಬೀಜ, ಗೋಡಂಬಿ, ಪಾಪ್‌ಕಾರ್ನ್, ಇಡೀ ದ್ರಾಕ್ಷಿ ಬೇಡವೇ ಬೇಡ. ಗಂಟಲಲ್ಲಿ ಸಿಕ್ಕಿಕೊಂಡರೆ ಆಕಾಶದಲ್ಲಿ ಡಾಕ್ಟರ್ ಎಲ್ಲಿಂದ ಬರುತ್ತಾರೆ. ಹೊಸ ತಿಂಡಿಯನ್ನೂ ಅವತ್ತು ಮೊದಲ ಸಲ ತಿನ್ನಿಸಬೇಡಿ.

ಆಟಿಕೆ ಸದ್ದು ಮಾಡಬಾರದು, ಉರುಳಬಾರದು. ಉರುಳಿದ್ದು ಮುಂದಿನ ಐದು ಸಾಲಿನಾಚೆ ಸಿಗುತ್ತದೆ. ಸ್ಟಿಕ್ಕರ್ ಹಾಳೆ ಒಂದಿದ್ದರೆ ಅರ್ಧ ಗಂಟೆ ಕಳೆಯುತ್ತದೆ. ಪವರ್ ಬ್ಯಾಂಕ್ ಕೈ ಬ್ಯಾಗಿನಲ್ಲೇ ಇರಲಿ, ಚೆಕ್-ಇನ್ ಲಗೇಜಿಗೆ ಹಾಕುವ ಹಾಗಿಲ್ಲ.

## ಹಂತ 5: ವಿಮಾನ ನಿಲ್ದಾಣದಲ್ಲಿ

ಯಾವ ಟರ್ಮಿನಲ್ ಅಂತ ಹಿಂದಿನ ರಾತ್ರಿಯೇ ಟಿಕೆಟಿನಲ್ಲಿ ನೋಡಿ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್‌ಗಳಿವೆ. 2023ರ ಸೆಪ್ಟೆಂಬರ್‌ನಿಂದ ವಿದೇಶಿ ವಿಮಾನಗಳು ಟರ್ಮಿನಲ್ 2ರಿಂದ ಹೊರಡುತ್ತವೆ. ದೇಶದೊಳಗಿನವು ಏರ್‌ಲೈನ್ ನೋಡಿಕೊಂಡು ಎರಡು ಕಡೆಯೂ ಇವೆ. ಮಗು, ಲಗೇಜು ಎಲ್ಲ ಇಳಿಸಿದ ಮೇಲೆ ತಪ್ಪು ಟರ್ಮಿನಲ್ ಅಂತ ಗೊತ್ತಾದರೆ ಅಲ್ಲೇ ಅರ್ಧ ಶಕ್ತಿ ಮುಗಿಯುತ್ತದೆ.

ದೇಶದೊಳಗಿನ ವಿಮಾನಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಮುಚ್ಚುತ್ತದೆ, ಗೇಟ್ 25 ನಿಮಿಷ ಮೊದಲು. ಮಗು ಇದ್ದರೆ ಎರಡೂವರೆ ಗಂಟೆ ಮೊದಲೇ ಅಲ್ಲಿರಿ. ವೆಬ್ ಚೆಕ್-ಇನ್ ಮಾಡಿದ್ದರೂ ಮಗುವಿನ ವಯಸ್ಸಿನ ದಾಖಲೆ ನೋಡಲು ಕೌಂಟರಿಗೆ ಬರಬೇಕು ಅನ್ನುವ ಏರ್‌ಲೈನ್‌ಗಳಿವೆ. ಅಲ್ಲಿ ಮಗುವಿಗೂ ಬೋರ್ಡಿಂಗ್ ಪಾಸ್ ಕೇಳಿ ಪಡೆದುಕೊಳ್ಳಿ. ಅದಿಲ್ಲದೆ ಸೆಕ್ಯೂರಿಟಿವರೆಗೆ ಹೋಗಿ ವಾಪಸ್ ಓಡಿ ಬಂದವರಿದ್ದಾರೆ.

ಪ್ರಾಮ್ (ಮಗುವಿನ ತಳ್ಳುಗಾಡಿ) ಇದ್ದರೆ ಕೌಂಟರಿನಲ್ಲೇ ಹೇಳಿ ಟ್ಯಾಗ್ ಹಾಕಿಸಿಕೊಳ್ಳಿ, ವಿಮಾನದ ಬಾಗಿಲವರೆಗೆ ತಳ್ಳಿಕೊಂಡು ಹೋಗಬಹುದಾ ಅಂತ ಕೇಳಿ. ಇಳಿದ ಮೇಲೆ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಆಗಲೇ ಕೇಳಿ. ಕೆಲವು ಸಲ ಬಾಗಿಲಲ್ಲೇ ಕೊಡುತ್ತಾರೆ, ಕೆಲವು ಸಲ ಲಗೇಜ್ ಬೆಲ್ಟಿಗೆ ಬರುತ್ತದೆ. ನನ್ನ ಪ್ರಾಮ್ ಒಂದು ಸಲ ಮುಂದಿನ ಚಕ್ರ ಇಲ್ಲದೆ ಬಂತು. ಆವತ್ತಿನಿಂದ ಕೊಡುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳುತ್ತೇನೆ, ಬಿಚ್ಚಿ ಬರುವ ಭಾಗವನ್ನೆಲ್ಲ ಬ್ಯಾಗಿಗೆ ಹಾಕುತ್ತೇನೆ.

ಈಗ ಸೆಕ್ಯೂರಿಟಿ. ನಮ್ಮಲ್ಲಿ ಗಂಡಸರ ಸಾಲು ಬೇರೆ, ಹೆಂಗಸರ ತಪಾಸಣೆ ಪರದೆ ಹಾಕಿದ ಬೂತಿನೊಳಗೆ. ಅಂದರೆ ಗಂಡ ಹೆಂಡತಿ ಇಲ್ಲಿ ಬೇರೆಯಾಗುತ್ತೀರಿ. ಮಗು ಯಾರ ಕೈಯಲ್ಲಿ, ಟ್ರೇ ಯಾರ ಜವಾಬ್ದಾರಿ ಅನ್ನುವುದನ್ನು ಸಾಲಿಗೆ ನಿಲ್ಲುವ ಮೊದಲೇ ಮಾತಾಡಿಕೊಳ್ಳಿ. ನಾವು ಮಾಡುವುದು ಹೀಗೆ. ಪ್ರಾಮ್ ಮಡಚಿ ಬೆಲ್ಟಿಗೆ ಹಾಕುವುದು, ಲ್ಯಾಪ್‌ಟಾಪು, ಫೋನು, ಪವರ್ ಬ್ಯಾಂಕ್ ಟ್ರೇಗೆ ಹಾಕುವುದು ಇವರ ಕೆಲಸ. ಮಗು, ಬೋರ್ಡಿಂಗ್ ಪಾಸ್ ಎರಡು ಮಾತ್ರ ನನ್ನ ಹತ್ತಿರ. ಕ್ಯಾರಿಯರ್‌ನಲ್ಲಿದ್ದರೆ ಬಿಚ್ಚಿ ಮಗುವನ್ನು ಕೈಗೆ ಎತ್ತಿಕೊಳ್ಳಬೇಕಾಗುತ್ತದೆ. ಬಳೆ, ದೊಡ್ಡ ಪಿನ್ನು ಹಾಕಿಕೊಂಡು ಹೋದರೆ ಯಂತ್ರ ಕೂಗುತ್ತದೆ, ಮಗು ಬೆಚ್ಚುತ್ತದೆ. ಬೂತಿನೊಳಗೆ ಮಗು ಮುಖ ತಿರುಗಿಸಿ ನಿಮ್ಮ ಭುಜಕ್ಕೆ ಅಂಟಿಕೊಂಡಿದ್ದರೆ ಅವಸರ ಮಾಡಬೇಡಿ, ಅಲ್ಲಿನ ಹೆಣ್ಣುಮಕ್ಕಳು ಬಹಳ ಸಲ ತಾವೇ ಮಗುವನ್ನು ಮಾತಾಡಿಸಿ ನಗಿಸುತ್ತಾರೆ.

ಮಗುವಿನ ಹಾಲು, ನೀರು, ಮೆತ್ತಗಿನ ಊಟ ಒಯ್ಯಲು ಅಡ್ಡಿಯಿಲ್ಲ. ವಿದೇಶದ ವಿಮಾನಕ್ಕಿರುವ 100 ಎಂ.ಎಲ್. ಮಿತಿಯೂ ಪ್ರಯಾಣಕ್ಕೆ ಬೇಕಾದಷ್ಟು ಮಗುವಿನ ಆಹಾರಕ್ಕೆ ಅನ್ವಯಿಸುವುದಿಲ್ಲ. ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿ, ಕೇಳುವ ಮೊದಲೇ "ಮಗುವಿನ ಹಾಲು" ಅಂತ ಹೇಳಿ ತೋರಿಸಿ. ತೆರೆದು ನೋಡಬಹುದು, ನೋಡಲಿ.

## ಹಂತ 6: ಗೇಟಿನ ಹತ್ತಿರ

ಎಲ್ಲರೂ ಮೈಮರೆಯುವ ಹಂತ ಇದು. ಸೆಕ್ಯೂರಿಟಿ ಮುಗಿಯಿತು, ಕೂರಲು ಜಾಗ ಸಿಕ್ಕಿತು, ಇನ್ನು ಆರಾಮಾಗಿ ಹಾಲು ಕುಡಿಸೋಣ ಅನ್ನಿಸುತ್ತದೆ. ಹೊಟ್ಟೆ ತುಂಬಾ ಕುಡಿಸಬೇಡಿ. ಮಗು ಹಸಿದು ಅಳುತ್ತಿದ್ದರೆ ಖಂಡಿತ ಕೊಡಿ, ಸಮಾಧಾನ ಆಗುವಷ್ಟು ಮಾತ್ರ. ಎರಡು ಮೂರು ತಿಂಗಳ ಕೂಸಿಗೆ ಈ ಲೆಕ್ಕ ಹಿಡಿಯಬೇಡಿ, ಅದು ಕೇಳಿದಾಗ ಕೊಡಿ. ಹೇಗೂ ಆ ವಯಸ್ಸಿಗೆ ಪದೇ ಪದೇ ಹಸಿವಾಗುತ್ತದೆ.

ಬೆಳಿಗ್ಗೆ 10:30ಕ್ಕೆ ಹೊರಟು 1:15ಕ್ಕೆ ದೆಹಲಿ ಮುಟ್ಟುವ ವಿಮಾನ ಅಂದುಕೊಳ್ಳಿ. ಮಗುವಿಗೆ ಎಂಟು ತಿಂಗಳು. 7 ಗಂಟೆಗೆ ಮನೆಯಲ್ಲಿ ಹೊಟ್ಟೆ ತುಂಬಾ ಹಾಲು. 8:45ಕ್ಕೆ ನಾಲ್ಕು ಚಮಚ ರಾಗಿ ಸರಿ. 10:40ರ ಸುಮಾರಿಗೆ ವಿಮಾನ ಏರುವಾಗ ಅರ್ಧ ಹಾಲು. ಆಮೇಲೆ ನಿದ್ದೆ. 12:35ಕ್ಕೆ, ಅಂದರೆ ಮುಟ್ಟುವ ಹೊತ್ತಿಗೆ 40 ನಿಮಿಷ ಮೊದಲು, ಪೂರ್ತಿ ಹಾಲು. ನಿಮ್ಮ ಮಗುವಿನ ಹೊತ್ತಿಗೆ ತಕ್ಕ ಹಾಗೆ ಇದನ್ನು ಹಿಂದೆ ಮುಂದೆ ಮಾಡಿ, ಕೊನೆಯದನ್ನು ಮಾತ್ರ ಬಿಡಬೇಡಿ.

ಡೈಪರ್ ಬದಲಿಸುವುದು ಬೋರ್ಡಿಂಗಿಗೆ ಇಪ್ಪತ್ತು ನಿಮಿಷ ಮೊದಲು. ಒದ್ದೆಯಾಗಿಲ್ಲ ಅಂತ ಬಿಡಬೇಡಿ, ಬದಲಿಸಿಯೇ ಹತ್ತಿ. ನಡೆಯುವ ಮಗುವನ್ನು ಇಲ್ಲಿ ಚೆನ್ನಾಗಿ ಓಡಾಡಿಸಿ. ಗಾಜಿನ ಹತ್ತಿರ ನಿಲ್ಲಿಸಿ ವಿಮಾನ ತೋರಿಸಿ, ಫೋನನ್ನು ಈಗಲೇ ಕೊಡಬೇಡಿ.

ಚಿಕ್ಕ ಮಕ್ಕಳಿರುವವರನ್ನು ಮೊದಲು ಕರೆಯುತ್ತಾರೆ. ಕೂಸಾದರೆ ಹೋಗಿ. ಎರಡು ಮೂರು ವರ್ಷದ ಮಗುವಾದರೆ ಒಬ್ಬರು ಬ್ಯಾಗ್ ಹಿಡಿದು ಮುಂದೆ ಹೋಗಲಿ, ಇನ್ನೊಬ್ಬರು ಮಗುವಿನ ಜೊತೆ ಕೊನೆಯವರೆಗೆ ಹೊರಗಿರಲಿ. ನಿಂತ ವಿಮಾನದೊಳಗೆ ಅರ್ಧ ಗಂಟೆ ಸುಮ್ನೆ ಕೂರುವುದು ಆ ವಯಸ್ಸಿಗೆ ಆಗದ ಕೆಲಸ.

## ಹಂತ 7: ಏರುವಾಗ

ಕೂತ ಕೂಡಲೇ ಮಗುವಿನ ಬೆಲ್ಟ್ ಕೇಳಿ ಪಡೆಯಿರಿ. ಅದು ನಿಮ್ಮ ಬೆಲ್ಟಿಗೆ ಸಿಕ್ಕಿಸುವ ಚಿಕ್ಕ ಬೆಲ್ಟು. ನಿಮ್ಮ ಬೆಲ್ಟಿನೊಳಗೇ ಮಗುವನ್ನು ಸೇರಿಸಿ ಬಿಗಿಯಬೇಡಿ. ಗಟ್ಟಿಯಾಗಿ ಕುಲುಕಿದರೆ ನಿಮ್ಮ ಭಾರವೆಲ್ಲ ಮಗುವಿನ ಹೊಟ್ಟೆ ಮೇಲೆ ಬೀಳುತ್ತದೆ. ಏರುವಾಗ, ಇಳಿಯುವಾಗ ಕ್ಯಾರಿಯರ್‌ನಿಂದ ಹೊರಗೆ ತೆಗೆಯಲು ಸಿಬ್ಬಂದಿ ಹೇಳುತ್ತಾರೆ.

ವಿಮಾನ ಗೇಟು ಬಿಟ್ಟ ಕೂಡಲೇ ಹಾಲು ಶುರು ಮಾಡುವುದು ಇನ್ನೊಂದು ಸಾಮಾನ್ಯ ತಪ್ಪು. ರನ್‌ವೇ ಮುಟ್ಟುವ ಹೊತ್ತಿಗೆ ಹತ್ತು ಹದಿನೈದು ನಿಮಿಷ ಆಗಿರುತ್ತದೆ, ಅಷ್ಟರಲ್ಲಿ ಮಗು ಕುಡಿದು ಮುಗಿಸಿರುತ್ತದೆ. ವಿಮಾನ ತಿರುಗಿ ನಿಂತು ಇಂಜಿನ್ನಿನ ಸದ್ದು ಏರಿದಾಗ ಶುರು ಮಾಡಿ. ಏರುವಾಗ ಕಿವಿಗೆ ಅಷ್ಟು ಕಷ್ಟ ಇಲ್ಲ, ಮಗು ಮಲಗಿದ್ದರೆ ಎಬ್ಬಿಸಬೇಡಿ.

## ಹಂತ 8: ಆಕಾಶದಲ್ಲಿ

ಮಲಗಿದ್ದರೆ ಮಲಗಲಿ, ನೀವೂ ಏನಾದರೂ ತಿನ್ನಿ. ಮಗು ತೊಡೆಯ ಮೇಲಿರುವಾಗ ಬಿಸಿ ಕಾಫಿ ಚಹಾ ಬೇಡ.

ವಿಮಾನದೊಳಗಿನ ಗಾಳಿ ಒಣ ಗಾಳಿ. ಆರು ತಿಂಗಳೊಳಗಿನ ಕೂಸಿಗೆ ಹಾಲೇ ಸಾಕು, ನೀರು ಬೇಡ. ದೊಡ್ಡ ಮಗುವಿಗೆ ಗುಟುಕು ಗುಟುಕಾಗಿ ನೀರು ಕೊಡುತ್ತಿರಿ.

ಡೈಪರ್ ಬದಲಿಸುವ ಮಡಚು ಹಲಗೆ ಯಾವ ಟಾಯ್ಲೆಟ್ಟಿನಲ್ಲಿದೆ ಅಂತ ಸಿಬ್ಬಂದಿಯನ್ನು ಕೇಳಿ, ಎಲ್ಲದರಲ್ಲೂ ಇರುವುದಿಲ್ಲ. ಒಳಗೆ ಹೋಗುವ ಮುಂಚೆ ಹೊಸ ಡೈಪರನ್ನು ಬಿಡಿಸಿ ಕೈಯಲ್ಲಿ ಹಿಡಿದುಕೊಳ್ಳಿ. ಅಲ್ಲಿ ಒಂದು ಕೈ ಯಾವಾಗಲೂ ಮಗುವಿನ ಮೇಲಿರಬೇಕು, ಇನ್ನೊಂದು ಕೈಯಲ್ಲೇ ಎಲ್ಲ ಮಾಡಬೇಕು. ಬ್ಯಾಸಿನೆಟ್‌ನಲ್ಲಿ ಮಲಗಿದ ಮಗುವನ್ನು ಬೆಲ್ಟಿನ ದೀಪ ಉರಿದಾಗ ಎತ್ತಿಕೊಳ್ಳಲೇಬೇಕು. ಆಮ್ಲಜನಕದ ಮಾಸ್ಕ್ ಬಿದ್ದರೆ ಮೊದಲು ನಿಮಗೆ, ಆಮೇಲೆ ಮಗುವಿಗೆ. ಅಮ್ಮನ ಮನಸ್ಸಿಗೆ ಇದು ಒಪ್ಪುವುದಿಲ್ಲ, ಆದರೆ ನಿಮಗೆ ಎಚ್ಚರ ತಪ್ಪಿದರೆ ಮಗುವಿಗೆ ಹಾಕುವವರು ಯಾರು?

ಬಾಣಂತನ ಮುಗಿಸಿಕೊಂಡು ಕೂಸಿನ ಜೊತೆ ಒಬ್ಬರೇ ಗಂಡನ ಊರಿಗೆ ಹೋಗುವವರು ಬಹಳ ಜನ. ಹತ್ತಿದ ಕೂಡಲೇ ಸಿಬ್ಬಂದಿಗೆ "ನಾನೊಬ್ಬಳೇ ಇದ್ದೇನೆ, ಮೊದಲ ಸಲ" ಅಂತ ಹೇಳಿಬಿಡಿ. ಬ್ಯಾಗ್ ಮೇಲಿಡಲು, ಟಾಯ್ಲೆಟ್ಟಿಗೆ ಹೋಗುವಾಗ ಸಹಾಯ ಕೇಳಲು ಸಂಕೋಚ ಬೇಡ. ಪಕ್ಕದ ಸೀಟಿನ ಅಜ್ಜಿ ಕೈ ಚಾಚಿದರೆ ಐದು ನಿಮಿಷ ಕೊಡಿ, ನಿಮ್ಮ ಕಣ್ಣೆದುರೇ ತಾನೇ ಇರುವುದು.

## ಹಂತ 9: ಇಳಿಯುವ ಕೊನೆಯ ಅರ್ಧ ಗಂಟೆ

ವಿಮಾನ ಇಳಿಯುವಾಗ ಹೊರಗಿನ ಒತ್ತಡ ಏರುತ್ತದೆ. ಕಿವಿಯ ಒಳಗಿನಿಂದ ಗಂಟಲಿಗೆ ಹೋಗುವ ಸಣ್ಣ ನಾಳ ತೆರೆದರೆ ಎರಡೂ ಕಡೆ ಸಮ ಆಗುತ್ತದೆ. ಮಕ್ಕಳಲ್ಲಿ ಆ ನಾಳ ಚಿಕ್ಕದು, ಸುಲಭಕ್ಕೆ ತೆರೆಯುವುದಿಲ್ಲ. ನುಂಗಿದಾಗ, ಆಕಳಿಸಿದಾಗ ತೆರೆಯುತ್ತದೆ. ಅದಕ್ಕೇ ಇಷ್ಟು ಹೊತ್ತು ಹಸಿವನ್ನು ಉಳಿಸಿಕೊಂಡು ಬಂದದ್ದು.

ಫೋನಿನಲ್ಲಿ ಅಲಾರಾಂ ಇಡಿ, ಮುಟ್ಟುವ ಹೊತ್ತಿಗೆ 40 ನಿಮಿಷ ಮೊದಲು. ವಿಮಾನ ತಡವಾಗಿ ಹೊರಟರೆ ಅಲಾರಾಮನ್ನೂ ಮುಂದೆ ಹಾಕಿ. ಪೈಲಟ್ ಹೇಳುವವರೆಗೆ ಕಾಯಬೇಡಿ. ಇಂಜಿನ್ನಿನ ಸದ್ದು ಇಳಿಯುತ್ತದೆ, ಮೂಗು ಮುಂದಕ್ಕೆ ಬಾಗಿದ ಹಾಗೆ ಅನ್ನಿಸುತ್ತದೆ, ನಿಮ್ಮ ಕಿವಿ ಗುಂಯ್ ಅನ್ನುತ್ತದೆ. ಇದು ಶುರುವಾದ ಗುರುತು.

ಮಲಗಿದ ಮಗುವನ್ನು ಎಬ್ಬಿಸಬೇಕಾ? ನಾನು ಎಬ್ಬಿಸುತ್ತೇನೆ. ನಿದ್ದೆಯಲ್ಲಿ ನುಂಗುವುದು ಕಮ್ಮಿ. ನೋವಿನಿಂದ ಬೆಚ್ಚಿ ಎದ್ದ ಮಗು ಎದೆಗೂ ಬಾಯಿ ಹಾಕುವುದಿಲ್ಲ, ಬಾಟಲಿಗೂ ಹಾಕುವುದಿಲ್ಲ. ಅಂಗಾಲು ಸವರಿ, ಮುಖಕ್ಕೆ ಒದ್ದೆ ಬಟ್ಟೆ ಮುಟ್ಟಿಸಿ, ಐದು ನಿಮಿಷ ತೆಗೆದುಕೊಂಡು ಎಬ್ಬಿಸಿ. ಅದಕ್ಕೇ 30 ಅಲ್ಲ, 40 ನಿಮಿಷ ಅಂದದ್ದು.

ತಲೆ ಸ್ವಲ್ಪ ಎತ್ತರದಲ್ಲಿರಲಿ, ಪೂರ್ತಿ ಅಡ್ಡ ಮಲಗಿಸಿ ಕುಡಿಸಬೇಡಿ. ಒಂದೇ ಸಲ ಕುಡಿದು ಮುಗಿಸಿದರೆ ಉಳಿದ ಇಪ್ಪತ್ತು ನಿಮಿಷಕ್ಕೆ ಏನೂ ಉಳಿಯುವುದಿಲ್ಲ. ನಾಲ್ಕು ಗುಟುಕು ಆದ ಮೇಲೆ ಬಿಡಿಸಿ ತೇಗು ಬರಿಸಿ, ಮತ್ತೆ ಕೊಡಿ. ಚಿಕ್ಕ ತೂತಿನ ನಿಪ್ಪಲ್ ಇದ್ದರೆ ಹಾಲು ನಿಧಾನಕ್ಕೆ ಹೋಗುತ್ತದೆ. ಹಾಲು ಬೇಡವೆಂದರೆ ನಿಮ್ಮ ಕೈ ತೊಳೆದ ಬೆರಳನ್ನು ಚೀಪಲು ಕೊಡಿ. ದೊಡ್ಡ ಮಗುವಿಗೆ ಚಪಾತಿ ಅಗಿಯಲು, ಸ್ಟ್ರಾದಲ್ಲಿ ಹೀರಲು, ಜೊತೆಗೆ "ನೋಡು, ಹುಲಿ ಹೇಗೆ ಆಕಳಿಸುತ್ತೆ" ಅಂತ ನೀವೇ ದೊಡ್ಡದಾಗಿ ಬಾಯಿ ತೆರೆದು ತೋರಿಸಿ.

ಇಷ್ಟೆಲ್ಲ ಮಾಡಿದರೂ ಅತ್ತರೆ? ಅಳುವಾಗಲೂ ಮಗು ಬಾಯಿ ತೆರೆಯುತ್ತದೆ, ನುಂಗುತ್ತದೆ, ಕಿವಿ ಬಿಡುತ್ತದೆ. ಎದೆಗವಚಿಕೊಂಡು ಬೆನ್ನು ಸವರಿ, ಬೆಲ್ಟ್ ಮಾತ್ರ ಬಿಚ್ಚಬೇಡಿ. ಎದ್ದು ಓಡಾಡಿಸುವ ಆಸೆ ಬರುತ್ತದೆ, ಆ ಹೊತ್ತಿನಲ್ಲಿ ಅದು ಅಪಾಯ. ಸುತ್ತಲಿನವರ ಮುಖ ನೋಡುವ ಅಗತ್ಯವಿಲ್ಲ, ನಿಮ್ಮ ಗಮನ ಮಗುವಿನ ಕಡೆ ಇರಲಿ. ನಡುವೆ ವಿಮಾನ ಬದಲಿಸುವ ಪ್ರಯಾಣವಾದರೆ ಪ್ರತಿ ಇಳಿತಕ್ಕೂ ಹೀಗೇ ಒಂದು ಹೊತ್ತಿನ ಹಾಲು ಉಳಿಸಿಕೊಳ್ಳಬೇಕು.

## ಹಂತ 10: ಇಳಿದ ಮೇಲೆ

ಎಲ್ಲರೂ ಎದ್ದು ನಿಂತರೂ ನೀವು ಕೂತಿರಿ. ತಲೆ ಮೇಲಿಂದ ಬ್ಯಾಗುಗಳು ಇಳಿಯುವಾಗ ಮಗು ಕೆಳಗಿರಬಾರದು. ದಾರಿ ಖಾಲಿಯಾದ ಮೇಲೆ ಮುಂದಿನ ಸೀಟಿನ ಜೇಬು, ಕಾಲ ಕೆಳಗೆ ಒಂದು ಸಲ ನೋಡಿ. ಮಗುವಿನ ಒಂದು ಸಾಕ್ಸು ಅಲ್ಲೇ ಇರುತ್ತದೆ.

ಇಳಿದ ಮೇಲೆ ಸ್ವಲ್ಪ ಹೊತ್ತು ಮಗು ಕಿವಿ ಮುಟ್ಟಿಕೊಳ್ಳಬಹುದು, ಅದರಷ್ಟಕ್ಕೆ ಸರಿಹೋಗುತ್ತದೆ. ಕಿವಿಯಿಂದ ನೀರು, ಕೀವು, ರಕ್ತ ಬಂದರೆ, ಜ್ವರ ಬಂದರೆ, ಕರೆದರೆ ತಿರುಗದಿದ್ದರೆ, ಮಾರನೇ ದಿನವೂ ಕಿವಿ ಹಿಡಿದು ಅಳುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಎಣ್ಣೆ ಬಿಸಿ ಮಾಡಿ ಕಿವಿಗೆ ಬಿಡಬೇಡಿ.

ಹೊರಗೆ ಓಡುವ ಅವಸರದಲ್ಲಿ ಕ್ಯಾಬ್ ಹಿಡಿಯಬೇಡಿ. ಲಗೇಜ್ ಬೆಲ್ಟಿನ ಹತ್ತಿರ ಒಬ್ಬರು ನಿಲ್ಲಲಿ. ಇನ್ನೊಬ್ಬರು ಮಗುವಿನ ಆರೈಕೆಯ ಕೋಣೆ ಹುಡುಕಿ ಡೈಪರ್ ಬದಲಿಸಿ, ಬಟ್ಟೆ ಬದಲಿಸಿ, ಕಾಲು ಚಾಚಿ ಕೂರಲಿ. ಇನ್ನು ಯಾವ ಲೆಕ್ಕವೂ ಬೇಡ, ಮಗು ಬೇಡವೆನ್ನುವವರೆಗೆ ಹೊಟ್ಟೆ ತುಂಬಾ ಕುಡಿಸಿ.